ಶಾಲು ಸಾಕು, ತಾಲೀಮಿನ ದಿನಾಂಕ ಹೇಳಿ

ಸ್ಟೀಫನ್ ಸಾಂಡ್‌ಹೈಮ್ ಅವರ ಕೊನೆಯ ಸಂಗೀತ ನಾಟಕದ ಎರಡನೇ ಅಂಕದಲ್ಲಿ ಹಾಡುಗಳು ಯಾಕಿಲ್ಲ? ಈ ಪ್ರಶ್ನೆಗೆ ಈ ವಾರವೂ ಹಳೆಯ ಉತ್ತರವೇ ಕಿವಿಗೆ ಬಿತ್ತು. ರಂಗಗೋಷ್ಠಿಯೊಂದರಲ್ಲಿ ಭಾಷಣಕಾರರು ಅದನ್ನು ಮೌನದ ಸೌಂದರ್ಯವೆಂದು ಕೊಂಡಾಡಿದರು. ಸಭೆ ತಲೆದೂಗಿತು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿರುವುದು ಮೌನವಲ್ಲ, ಬರೆಯದೇ ಉಳಿದುಹೋದ ಹಾಡುಗಳು.

ಆ ನಾಟಕ ‘ಹಿಯರ್ ವಿ ಆರ್’ ಬಗ್ಗೆ ಓದಿದವರಿಗೆ ಕಥೆ ಗೊತ್ತು. ಬುನ್ಯುಯೆಲ್‌ನ ಎರಡು ಸಿನಿಮಾಗಳನ್ನು ಸೇರಿಸಿ ಕಟ್ಟಿದ ನಾಟಕ. ಮೊದಲ ಅಂಕದಲ್ಲಿ ದುಡ್ಡಿರುವ ಗೆಳೆಯರ ಗುಂಪೊಂದು ಊಟ ಹುಡುಕಿಕೊಂಡು ಹೋಟೆಲಿನಿಂದ ಹೋಟೆಲಿಗೆ ಅಲೆಯುತ್ತದೆ. ಎರಡನೆಯದರಲ್ಲಿ ಅದೇ ಜನ ಒಂದು ಕೋಣೆಯಿಂದ ಆಚೆ ಬರಲಾಗದೆ ಕೂತುಬಿಡುತ್ತಾರೆ. ನಾಟಕಕಾರ ಡೇವಿಡ್ ಐವ್ಸ್ ಜೊತೆ ಸಾಂಡ್‌ಹೈಮ್ ಇದಕ್ಕೆ ವರ್ಷಗಟ್ಟಲೆ ಕೂತರು. 2017ಕ್ಕೆ ಬರುತ್ತದೆ ಎಂದರು, ಬರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ನೇಥನ್ ಲೇನ್, ಬರ್ನಡೆಟ್ ಪೀಟರ್ಸ್ ಅಂಥವರನ್ನು ಕೂರಿಸಿ ಒಂದು ವಾಚನ ನಡೆಯಿತು. ಅದೇ ತಿಂಗಳು ಸಾಂಡ್‌ಹೈಮ್ ಟಿ.ವಿ.ಯಲ್ಲಿ ಕೂತು ನಾಟಕ ಬರಲಿದೆ ಎಂದು ಹೇಳಿದಾಗ ಅಭಿಮಾನಿಗಳು ಕುಣಿದಾಡಿದರು. ನವೆಂಬರ್ 26ರಂದು, 91ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಾಟಕ ರಂಗಕ್ಕೆ ಬಂದದ್ದು 2023ರಲ್ಲಿ, ನ್ಯೂಯಾರ್ಕಿನ ‘ದ ಶೆಡ್’ನಲ್ಲಿ. 2025ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ಗೂ ಹೋಯಿತು. ಮೊದಲ ಅಂಕದ ತುಂಬ ಹಾಡು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ತುಣುಕು ಬಿಟ್ಟರೆ ಬರೀ ಮಾತು.

ಕೋಣೆಯಲ್ಲಿ ಸಿಕ್ಕಿಬಿದ್ದವರಿಗೆ ಹಾಡುವ ಕಾರಣವೇ ಉಳಿದಿಲ್ಲ ಎಂಬ ತರ್ಕವನ್ನು ನಿರ್ದೇಶಕ ಜೋ ಮಾಂಟೆಲೊ ಮುಂದಿಟ್ಟರು. ಸಾಂಡ್‌ಹೈಮ್ ಕೂಡ ಒಪ್ಪಿದರು. ಇದ್ದ ಸಾಮಗ್ರಿಯಲ್ಲಿ ನಾಟಕ ನಿಲ್ಲಿಸಲು ಅದು ಜಾಣ ಉಪಾಯ. ಮಾಂಟೆಲೊ ಮೇಲೆ ನನಗೆ ದೂರಿಲ್ಲ. ಬೇರೆಯವರು ಸೇರಿ ನಕಲಿ ಸಾಂಡ್‌ಹೈಮ್ ಹಾಡು ಹೊಸೆದು ತುಂಬಿಸಲಿಲ್ಲವಲ್ಲ, ಅದಕ್ಕೆ ಅವರಿಗೆ ಕೈಮುಗಿಯುತ್ತೇನೆ. ನನ್ನ ತಕರಾರು ಇರುವುದು ಆ ಉಪಾಯವನ್ನು ದರ್ಶನದ ಮಟ್ಟಕ್ಕೆ ಏರಿಸುವವರ ಬಗ್ಗೆ. ಹಾಗೆ ಏರಿಸಿಬಿಟ್ಟರೆ, ಆ ಹಾಡುಗಳು ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಕೇಳಲೇಬೇಕು. ಯಾಕೆಂದರೆ ಸಾಂಡ್‌ಹೈಮ್ ಹೇಗೆ ಬರೆಯುತ್ತಿದ್ದರು ಎಂಬುದು ಗುಟ್ಟೇನಲ್ಲ. ಸೋಫಾದ ಮೇಲೆ ಮಲಗಿಕೊಂಡು, ಹಳದಿ ಕಾಗದದ ಪ್ಯಾಡ್ ಹಿಡಿದು, ಬ್ಲ್ಯಾಕ್‌ವಿಂಗ್ ಎಂಬ ಮೆತ್ತನೆ ಸೀಸದ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಮೆತ್ತನೆ ಸೀಸ ಬೇಗ ಮೊಂಡಾಗುತ್ತದೆ, ಆಗಾಗ ಚೂಪು ಮಾಡಬೇಕಾಗುತ್ತದೆ, ಅಷ್ಟು ಹೊತ್ತು ಬರೆಯುವುದನ್ನು ಮುಂದೂಡಬಹುದು ಎಂಬುದನ್ನು ಅವರೇ ಹೇಳಿಕೊಂಡಿದ್ದರು. ಮಲಗಿ ಬರೆಯುವುದರಿಂದ ಬೇಗ ನಿದ್ದೆ ಹೋಗಬಹುದು ಎಂದೂ. ಕೆಲಸ ಮುಂದೂಡುವುದರಲ್ಲಿ ಎತ್ತಿದ ಕೈ.

ಅಂಥ ಮನುಷ್ಯ ಅಷ್ಟೊಂದು ಬರೆದದ್ದು ಹೇಗೆ? ತಾಲೀಮು ಶುರುವಾಗಿರುತ್ತಿತ್ತು. ನಟಿ ಎದುರಿಗೆ ನಿಂತಿರುತ್ತಿದ್ದಳು. 1962ರಲ್ಲಿ ‘ಫೋರಂ’ ನಾಟಕ ವಾಷಿಂಗ್ಟನ್ನಿನಲ್ಲಿ ನೆಲಕಚ್ಚುತ್ತಿದ್ದಾಗ ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್ ಬಂದು ನೋಡಿ, ನಾಂದಿಯ ಹಾಡೇ ಸರಿಯಿಲ್ಲ ಎಂದರು; ‘ಕಾಮಿಡಿ ಟುನೈಟ್’ ಹುಟ್ಟಿತು, ನಾಟಕ ಬದುಕಿತು. ‘ಕಂಪನಿ’ಯ ಕೊನೆಯ ಹಾಡು, ‘ಫಾಲೀಸ್’ನಲ್ಲಿ ಇವಾನ್ ಡಿ ಕಾರ್ಲೊ ಹಾಡಿದ ಹಾಡು, ಎರಡೂ ಬೋಸ್ಟನ್ನಿನ ಪರೀಕ್ಷಾ ಪ್ರದರ್ಶನಗಳ ತರಾತುರಿಯಲ್ಲೇ ಬಂದವು. 1973ರ ‘ಸೆಂಡ್ ಇನ್ ದ ಕ್ಲೌನ್ಸ್’ ಅಂತೂ ತಾಲೀಮಿನ ಕೂಸೇ. ಆ ದೃಶ್ಯದಲ್ಲಿ ಹಾಡಬೇಕಾದವನು ಗಂಡಸು ಎಂದು ಸಾಂಡ್‌ಹೈಮ್ ಅಂದುಕೊಂಡಿದ್ದರು. ನಿರ್ದೇಶಕ ಹ್ಯಾಲ್ ಪ್ರಿನ್ಸ್ ಕರೆಸಿ ದೃಶ್ಯ ತೋರಿಸಿದ ಮೇಲೆ ಅದು ಹೆಂಗಸಿನ ಹಾಡು ಎಂದು ಗೊತ್ತಾಯಿತು. ನಟಿ ಗ್ಲಿನಿಸ್ ಜಾನ್ಸ್ ಅವರ ದನಿ ಬೆಳ್ಳಿಯಂತಿತ್ತು, ಆದರೆ ಸ್ವರವನ್ನು ಹೆಚ್ಚು ಹೊತ್ತು ಎಳೆಯಲು ಆಗುತ್ತಿರಲಿಲ್ಲ. ಹಾಗಾಗಿ ಸಾಲುಗಳನ್ನು ಚಿಕ್ಕದಾಗಿ ಕತ್ತರಿಸಿದರು, ಎರಡು ಮಾತಿನ ನಡುವೆ ಉಸಿರಿಗೆ ಜಾಗ ಬಿಟ್ಟರು. ಜಗತ್ತು ಮೆಚ್ಚಿದ ಆ ಹಾಡಿನ ಆಕಾರವನ್ನು ತೀರ್ಮಾನಿಸಿದ್ದು ಎದುರಿಗಿದ್ದ ಒಬ್ಬ ನಟಿಯ ಗಂಟಲು.

ಎಲ್ಲಕ್ಕಿಂತ ಮುಖ್ಯವಾದದ್ದು ‘ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್’. 1984ರಲ್ಲಿ ಬ್ರಾಡ್‌ವೇಗೆ ಬಂದಾಗ ಅದರ ಎರಡನೇ ಅಂಕವೂ ಬೇಕಾದ ಹಾಡುಗಳಿಲ್ಲದೆ ಬಿಕೋ ಎನ್ನುತ್ತಿತ್ತು. ಪ್ರಿವ್ಯೂ ನಡೆಯುತ್ತಿತ್ತು, ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಮೇ 2ರ ಉದ್ಘಾಟನೆಗೆ ಕೆಲವೇ ದಿನ ಇರುವಾಗ ಎರಡು ಹಾಡು ಬಂದವು. ಅಂಕ ಎದ್ದು ನಿಂತಿತು. ಮರುವರ್ಷ ಪುಲಿಟ್ಜರ್ ಬಂತು. ಅದೇ ರೋಗ, ಅದೇ ಎರಡನೇ ಅಂಕ. ಆದರೆ ಅಂದು ಗೋಡೆಯ ಮೇಲೆ ಒಂದು ತಾರೀಖು ಇತ್ತು.

ಕೊನೆಯ ದಶಕದಲ್ಲಿ ಆ ತಾರೀಖನ್ನು ಅವರಿಂದ ಕಿತ್ತುಕೊಂಡದ್ದು ಭಕ್ತಿ. ಎಂಬತ್ತು ತುಂಬಿದಾಗ ಬ್ರಾಡ್‌ವೇಯ ಒಂದು ರಂಗಮಂದಿರಕ್ಕೆ ಅವರ ಹೆಸರಿಟ್ಟರು. 2015ರಲ್ಲಿ ಅಧ್ಯಕ್ಷ ಒಬಾಮ ಕೊರಳಿಗೆ ಪದಕ ಹಾಕಿದರು. ತೊಂಬತ್ತಕ್ಕೆ, ಕೋವಿಡ್ ನಡುವೆಯೂ, ನಟನಟಿಯರೆಲ್ಲ ತಂತಮ್ಮ ಮನೆಗಳಿಂದಲೇ ಹಾಡಿದರು. ಹಳೆಯ ನಾಟಕಗಳು ಮತ್ತೆ ಮತ್ತೆ ಬಂದವು. ಹೊಸ ನಾಟಕಕ್ಕೆ ಮಾತ್ರ, ಪಾಪ, ಅವರಿಗೆ ಆದಾಗ ಆಗಲಿ. ಮಹನೀಯರನ್ನು ಅವಸರಪಡಿಸುವುದುಂಟೇ? ಅಭಿಮಾನಿಗಳು ಕಾದರು, ನಿರ್ಮಾಪಕರು ಕಾದರು.

ವಯಸ್ಸಾಗಿತ್ತು, ಆಗುತ್ತಿರಲಿಲ್ಲ ಎನ್ನುವವರು ಮೊದಲ ಅಂಕದ ಹಾಡುಗಳನ್ನು ಕೇಳಲಿ. ಪ್ರಾಸ ಅಷ್ಟೇ ಚುರುಕು. ಇಟಲಿಯ ಒಪೆರಾ ಸಂಯೋಜಕ ವರ್ದಿಯನ್ನೂ ನೆನೆಯಲಿ. ‘ಐದಾ’ ಮುಗಿಸಿ ಕೈಕಟ್ಟಿ ಕೂತಿದ್ದ ಮುದುಕನನ್ನು ಪ್ರಕಾಶಕ ರಿಕಾರ್ಡಿ ಸುಮ್ಮನೆ ಬಿಡಲಿಲ್ಲ. ‘ಒಥೆಲೊ’ ಮರೆಯದಿರಲೆಂದು ಕ್ರಿಸ್‌ಮಸ್‌ಗೆ ಚಾಕೊಲೆಟ್ಟಿನ ಒಥೆಲೊ ಗೊಂಬೆ ಕೂರಿಸಿದ ಕೇಕ್ ಕಳಿಸುತ್ತಿದ್ದ. ಕವಿ ಬೊಯಿಟೊ ಪಠ್ಯ ಹಿಡಿದು ಬೆನ್ನುಬಿದ್ದ. 1887ರಲ್ಲಿ ‘ಒಥೆಲೊ’ ಬಂತು. 1893ರಲ್ಲಿ, 79ರ ವಯಸ್ಸಿನಲ್ಲಿ, ‘ಫಾಲ್‌ಸ್ಟಾಫ್’. ಇವರಿಬ್ಬರೂ ವರ್ದಿಯನ್ನು ಪೂಜಿಸುತ್ತಿದ್ದರು. ಪೂಜಿಸಿಯೂ ಪೀಡಿಸಿದರು.

ನಮ್ಮಲ್ಲಿ ಪೂಜೆ ಮಾತ್ರ ಉಂಟು, ಪೀಡಿಸುವವರಿಲ್ಲ. ನಾನು ಓಡಾಡಿಕೊಂಡಿದ್ದ ಹವ್ಯಾಸಿ ತಂಡವೊಂದರಲ್ಲಿ ಹಾರ್ಮೋನಿಯಂ ಮೇಷ್ಟ್ರೊಬ್ಬರಿದ್ದರು. ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ತುಳಿದು ಬೆಳೆದವರು. ಅವರಿಂದ ಕೊನೆಯದಾಗಿ ಒಂದು ಪೌರಾಣಿಕ ನಾಟಕ ಮಾಡಿಸಬೇಕೆಂದು ತಂಡ ತೀರ್ಮಾನಿಸಿತು. ಪಠ್ಯ ಕೊಟ್ಟು ಬಂದರು. ಮೇಷ್ಟ್ರು ಕೇಳಿದರು: “ತಾಲೀಮು ಯಾವತ್ತಿಂದ ಅಂತ ಹೇಳಪ್ಪ. ಹುಡುಗರನ್ನ ಕರಕೊಂಡು ಬಾ. ಯಾರ ಗಂಟಲು ಎಷ್ಟು ಅಂತ ನೋಡದೆ ನಾನು ಯಾವ ಶ್ರುತಿಗೆ ಮಟ್ಟು ಹಾಕಲಿ?”

“ನಿಧಾನವಾಗಿ ಆಗಲಿ ಬಿಡಿ ಮೇಷ್ಟ್ರೇ, ಈ ವಯಸ್ಸಲ್ಲಿ ನಿಮಗೆ ತೊಂದರೆ ಕೊಡಬಾರದು” ಎಂದರು ಕಾರ್ಯದರ್ಶಿ. ಒಳ್ಳೆಯ ಮನುಷ್ಯ, ಮನಸಾರೆ ಹೇಳಿದ ಮಾತು. ಹುಡುಗರು ಹೋಗಲೇ ಇಲ್ಲ. ಹೋದದ್ದು ಶಾಲು, ಪೇಟ, ಹಣ್ಣಿನ ಬುಟ್ಟಿ. ಅದೂ ಒಂದು ಸಲವಲ್ಲ. ಮೇಷ್ಟ್ರ ಹಾರ್ಮೋನಿಯಂ ಮೇಲೆ ಮಡಿಸಿಟ್ಟ ಶಾಲುಗಳ ಅಟ್ಟಿಯನ್ನು ನಾನೇ ನೋಡಿದ್ದೇನೆ. ಮುಚ್ಚಳ ತೆಗೆಯಬೇಕಾದರೆ ಮೊದಲು ಅವನ್ನು ಇಳಿಸಬೇಕಿತ್ತು. ನಾಟಕದ ಒಂದು ಹಾಡಿಗೂ ಮಟ್ಟು ಬೀಳದೆ ಅವರು ಹೋದರು. ಅವರ ನೆನಪಿನ ಸಭೆಯಲ್ಲಿ ಅದೇ ತಂಡ ಅವರ ಕೊನೆಯ ದಿನಗಳ ‘ಮಾಗಿದ ಮೌನ’ವನ್ನು ಹೊಗಳಿತು. ನಾನು ಎದ್ದು ಬಂದೆ.

ಹಿರಿಯ ಕಲಾವಿದರ ಎಂಬತ್ತರ ಅಭಿನಂದನಾ ಗ್ರಂಥಕ್ಕೆ ಲೇಖನ ಕೊಡಿ ಎಂದು ನನಗೆ ಫೋನ್ ಬರುತ್ತಲೇ ಇರುತ್ತದೆ. ಇನ್ನು ಮುಂದೆ ಹಾಗೆ ಕರೆ ಮಾಡುವವರು, ಅವರ ಮುಂದಿನ ನಾಟಕದ ತಾಲೀಮು ಯಾವತ್ತು ಶುರು ಎಂದು ಮೊದಲು ಹೇಳಲಿ. ಹೇಳಲಾಗದವರು ಬೇರೆ ಲೇಖಕರನ್ನು ನೋಡಿಕೊಳ್ಳಲಿ.