ದುಃಖದ ಮನೆಗೆ ಸಲ್ಲಬೇಕಾದ ಋಣ

ಸಾವು ಸಂಭವಿಸಿದ ಮನೆಯಲ್ಲಿ ಮೊದಲ ಕೆಲವು ದಿನ ಜನ ತುಂಬಿರುತ್ತಾರೆ. ಅಡುಗೆಗೆ ಒಬ್ಬರು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ಸಮಾಧಾನದ ಮಾತಿಗೆ ಹಲವರು. ತಿಂಗಳು ಕಳೆಯುವಷ್ಟರಲ್ಲಿ ಅವರವರ ಸಂಸಾರ ಅವರವರನ್ನು ಕರೆಯುತ್ತದೆ. ಆಗ ಆ ಮನೆಯ ಹೆಣ್ಣುಮಗಳ ಎದುರು ಉಳಿಯುವುದು ಮಕ್ಕಳ ಶಾಲೆಯ ಶುಲ್ಕ, ಮನೆಯ ಬಾಡಿಗೆ ಮತ್ತು ತುಂಬಬೇಕಾದ ಅರ್ಜಿಗಳ ಕಟ್ಟು.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ಗುಂಡಿಗೆ 26 ಮಂದಿ ಬಲಿಯಾದಾಗ ಶಿವಮೊಗ್ಗ ಮತ್ತು ಬೆಂಗಳೂರಿನ ಮನೆಗಳಲ್ಲಿಯೂ ದೀಪ ಆರಿತು. ಜಮ್ಮು ಮತ್ತು ಕಾಶ್ಮೀರ ಸರ್ಕಾರ ಮೃತರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಘೋಷಿಸಿತು. ನಮ್ಮ ರಾಜ್ಯ ಸರ್ಕಾರವೂ ಕನ್ನಡಿಗ ಕುಟುಂಬಗಳಿಗೆ ಅಷ್ಟೇ ಮೊತ್ತವನ್ನು ಪ್ರಕಟಿಸಿತು. ಇವು ಆಯಾ ಸಂದರ್ಭದಲ್ಲಿ ಸರ್ಕಾರಗಳು ಕೈಗೊಳ್ಳುವ ನಿರ್ಧಾರಗಳು. ಪತ್ರಿಕೆಗಳಲ್ಲಿ ಸುದ್ದಿಯಾಗದ ಸಾವಿಗೂ ಅನ್ವಯಿಸುವ ನಿಯಮಬದ್ಧ ನೆರವು ಒಂದಿದೆ ಎಂಬುದು ಬಹುಜನರಿಗೆ ತಿಳಿಯದು.

ಕೇಂದ್ರ ಗೃಹ ಸಚಿವಾಲಯವು 2008ರ ಏಪ್ರಿಲ್ 1ರಿಂದ ಭಯೋತ್ಪಾದನೆ, ಕೋಮುಗಲಭೆ ಹಾಗೂ ನಕ್ಸಲ್ ಹಿಂಸೆಗೆ ತುತ್ತಾದ ನಾಗರಿಕರಿಗಾಗಿ ಒಂದು ಯೋಜನೆಯನ್ನು ಜಾರಿಗೆ ತಂದಿತು. ಆಗ ನೆರವಿನ ಮೊತ್ತ 3 ಲಕ್ಷ ರೂಪಾಯಿ. 2016ರಲ್ಲಿ ಅದು 5 ಲಕ್ಷವಾಯಿತು. ಗಡಿಯಾಚೆಯಿಂದ ಬರುವ ಗುಂಡು, ನೆಲಬಾಂಬುಗಳಿಂದ ನೊಂದವರನ್ನೂ ಆಗಲೇ ಯೋಜನೆಯೊಳಗೆ ಸೇರಿಸಲಾಯಿತು. ಪತಿ ಸತ್ತರೆ ಪತ್ನಿಗೆ, ಪತ್ನಿ ಸತ್ತರೆ ಪತಿಗೆ ಹಣ ಸಲ್ಲುತ್ತದೆ. ಗಾಯಾಳುವಾದರೆ ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚಿನ ಶಾಶ್ವತ ಅಂಗವೈಕಲ್ಯ ಉಂಟಾಗಿರಬೇಕು. ಕುಟುಂಬದ ಸದಸ್ಯರೊಬ್ಬರಿಗೆ ಅದೇ ಕಾರಣಕ್ಕೆ ಸರ್ಕಾರಿ ನೌಕರಿ ದೊರೆತಿದ್ದರೆ ಈ ನೆರವು ಇಲ್ಲ. ಅರ್ಹತೆಯನ್ನು ನಿರ್ಣಯಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ.

ಈ ಹಣವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರಿಸಿ, ಬಡ್ಡಿಯನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಫಲಾನುಭವಿಯ ಖಾತೆಗೆ ಜಮಾ ಮಾಡುವ ನಿಯಮವನ್ನು ರೂಪಿಸಲಾಯಿತು. ದುಃಖದಲ್ಲಿ ಕಂಗೆಟ್ಟವಳಿಂದ ಸಾಲ ಕೇಳುವವರು, ವ್ಯಾಪಾರಕ್ಕೆಂದು ಹಣ ಪಡೆಯುವವರು ಮನೆಯೊಳಗೇ ಇರುತ್ತಾರೆ. ಅವರಿಂದ ಇಡುಗಂಟನ್ನು ಕಾಯುವ ವಿವೇಕ ಈ ನಿಯಮದಲ್ಲಿದೆ. ಆದರೆ ಶೇಕಡಾ 6ರ ಬಡ್ಡಿಯೆಂದು ಎಣಿಸಿದರೂ 5 ಲಕ್ಷಕ್ಕೆ ತಿಂಗಳಿಗೆ ಬರುವುದು 2,500 ರೂಪಾಯಿ. ಅದರಿಂದ ಒಲೆ ಉರಿಯುವುದೆ? ಗಡಿಯಾಚೆಯ ಗುಂಡಿಗೆ ಬಲಿಯಾದವರ ಕುಟುಂಬಗಳಿಗೆ 2018ರಲ್ಲಿ ಈ ಠೇವಣಿಯ ಷರತ್ತನ್ನು ಸಡಿಲಿಸಿದ್ದು ಆ ಕಷ್ಟವನ್ನು ಬಲ್ಲವರ ನಿರ್ಧಾರವೇ ಸರಿ. ಗಡಿಗ್ರಾಮಗಳಲ್ಲಿ ಹಾಲು ಕೊಡುವ ಹಸು ಎಮ್ಮೆ ಸತ್ತರೆ ಕೊಡುವ ಪರಿಹಾರವನ್ನೂ ಅದೇ ವರ್ಷ 30,000ದಿಂದ 50,000 ರೂಪಾಯಿಗೆ ಏರಿಸಲಾಯಿತು.

ಹಾಗಾದರೆ ಶೇಕಡಾ 50ರ ಮಿತಿಯನ್ನು ಮುಟ್ಟದ ಗಾಯಾಳುವಿನ ಗತಿಯೇನು? 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿ ಚಾಲಕನೂ ಸುಟ್ಟಗಾಯಗಳಿಗೆ ಗುರಿಯಾದುದನ್ನು ನಾವು ಮರೆತಿಲ್ಲ. ಕೈಯ ದುಡಿಮೆಯನ್ನೇ ನಂಬಿದವನಿಗೆ ಕೆಲವು ತಿಂಗಳ ಗಾಯವೂ ದೊಡ್ಡ ನಷ್ಟವೇ. ಇಂಥವರಿಗಾಗಿ ಅಪರಾಧ ಸಂತ್ರಸ್ತರ ಪರಿಹಾರದ ದಾರಿ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮಿನಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿದೆ. ಅಪರಾಧಿ ಪತ್ತೆಯಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಮಹಿಳೆಯರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ.

ಪರಿಹಾರ ಕೇಳುವುದು ಸತ್ತವರಿಗೆ ಬೆಲೆ ಕಟ್ಟಿದಂತೆ ಎಂದು ಕೆಲವರು ಹಿಂಜರಿಯುತ್ತಾರೆ. ಹೋದ ಜೀವಕ್ಕೆ ಯಾವ ಖಜಾನೆಯೂ ಬೆಲೆ ಕಟ್ಟಲಾರದು. ಭಯೋತ್ಪಾದಕ ಗುರಿಯಿಟ್ಟದ್ದು ನಾಡಿನ ಮೇಲೆ; ಪೆಟ್ಟು ಬಿದ್ದದ್ದು ಒಂದು ಮನೆಯ ಮೇಲೆ. ನಾಡಿನ ಪರವಾಗಿ ಪೆಟ್ಟು ತಿಂದ ಮನೆಗೆ ನಾಡು ತೀರಿಸಬೇಕಾದ ಋಣವಿದು, ಭಿಕ್ಷೆಯಲ್ಲ. ಆದುದರಿಂದ ಅದನ್ನು ತಲೆಯೆತ್ತಿ ಕೇಳಬೇಕು.

ಕೇಳಲು ಬೇಕಾದುದು ಕಾಗದಪತ್ರ. ಪೊಲೀಸ್ ಪ್ರಥಮ ವರ್ತಮಾನ ವರದಿ, ಮರಣೋತ್ತರ ಪರೀಕ್ಷೆಯ ವರದಿ ಅಥವಾ ವೈದ್ಯಕೀಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಕುಟುಂಬ ಸದಸ್ಯರ ದೃಢೀಕರಣ, ಬ್ಯಾಂಕ್ ಖಾತೆಯ ವಿವರ: ಇವುಗಳ ಪ್ರತಿಗಳನ್ನು ತಡಮಾಡದೆ ಸಂಗ್ರಹಿಸಿ, ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆಯುವುದು ಅವಶ್ಯ. ಶೋಕದಲ್ಲಿರುವವಳಿಂದ ಇದು ಒಂಟಿಯಾಗಿ ಆಗುವ ಕೆಲಸವಲ್ಲ. ಓದುಬರಹ ಬಲ್ಲ ನೆಂಟರು, ನಿವೃತ್ತ ನೌಕರರು, ನೆರೆಯ ಶಿಕ್ಷಕರು ಜೊತೆಗೆ ನಿಲ್ಲಬೇಕು. ಹಣ ಬಂದಾಗ ಅದು ಅವಳ ಹೆಸರಿನಲ್ಲಿಯೇ, ಅವಳ ಅಧೀನದಲ್ಲಿಯೇ ಉಳಿಯುವಂತೆ ಅತ್ತೆ ಮಾವಂದಿರೂ ತವರಿನವರೂ ಒಂದಾಗಿ ನೋಡಿಕೊಳ್ಳಬೇಕು.

ಸಮಾಧಾನದ ಮಾತು ಹೇಳಿ ಬಂದ ಮನೆಗೆ ತಿಂಗಳ ನಂತರ ಇನ್ನೊಮ್ಮೆ ಹೋಗೋಣ. ಈ ಸಲ ಜೇಬಿನಲ್ಲಿ ಒಂದು ಪೆನ್ನು ಇರಲಿ, ಜಿಲ್ಲಾ ಕಚೇರಿಗೆ ಅವರೊಡನೆ ನಡೆದುಹೋಗುವಷ್ಟು ಬಿಡುವೂ ಇರಲಿ.