ಅರ್ಲ್ ಸಾಹೇಬನ ನಿಲುವಂಗಿ ಮತ್ತು ಮುತ್ತುಗದ ಮರ

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ ಆಳೆತ್ತರವನ್ನೂ ಮೀರಿದ ಒಂದು ತೈಲಚಿತ್ರವಿದೆ. 1773ರಲ್ಲಿ ಅದನ್ನು ಬರೆದವನು ಇಂಗ್ಲೆಂಡಿನ ಹೆಸರಾಂತ ಚಿತ್ರಗಾರ ಸರ್ ಜೋಶುವಾ ರೆನಾಲ್ಡ್ಸ್. ಚಿತ್ರದಲ್ಲಿ ನಿಂತಿರುವಾತ ಬ್ಯೂಟ್‌ನ ಮೂರನೆಯ ಅರ್ಲ್ ಜಾನ್ ಸ್ಟುವರ್ಟ್. ತೊಟ್ಟಿರುವುದು ಗಾರ್ಟರ್ ಪದವಿಯ ವಿಧ್ಯುಕ್ತ ಉಡುಪು. ಕಡುನೀಲಿ ಮಖಮಲ್ಲಿನ ಉದ್ದನೆಯ ನಿಲುವಂಗಿ, ಅದಕ್ಕೆ ಬಿಳಿ ರೇಷ್ಮೆಯ ಒಳಪದರ, ಚಿನ್ನದ ಹಾರ, ಇವೆಲ್ಲ ಆ ಪದವಿಯ ಲಾಂಛನಗಳು. ಗಾರ್ಟರ್ ಎಂದರೆ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿ! ಆದರೂ ಅದರ ಹೆಸರಿನ ಪದವಿ ಆ ದೇಶದಲ್ಲಿ ಬಲು ದೊಡ್ಡದು.

ಇಂಥ ಚಿತ್ರ ನೋಡಿದವರು ಈತ ಅಧಿಕಾರದ ಉತ್ತುಂಗದಲ್ಲಿದ್ದಾನೆಂದೇ ತಿಳಿಯುತ್ತಾರೆ. ನಿಜಸಂಗತಿ ಬೇರೆ. ಮೂರನೆಯ ಜಾರ್ಜ್ ದೊರೆಗೆ ಎಳವೆಯಲ್ಲಿ ಮಾರ್ಗದರ್ಶಕನಾಗಿದ್ದ ಬ್ಯೂಟ್ 1762ರಲ್ಲಿ ಪ್ರಧಾನಿಯಾದ. ಗಾರ್ಟರ್ ಪದವಿ ಸಿಕ್ಕಿದ್ದೂ ಅದೇ ವರ್ಷ. ಏಳು ವರ್ಷಗಳ ಯುದ್ಧವನ್ನು ಮುಗಿಸಿದ 1763ರ ಪ್ಯಾರಿಸ್ ಒಪ್ಪಂದ ಅವನ ಕಾಲದ್ದೇ. ನಮ್ಮ ಪುದುಚೇರಿಯನ್ನು ಫ್ರೆಂಚರಿಗೆ ಮರಳಿಸಿದ್ದೂ ಅದೇ ಒಪ್ಪಂದ. ಆದರೆ ಸೇಬಿನ ಮದ್ಯದ ಮೇಲೆ ತೆರಿಗೆ ಹಾಕಿ ಜನರ ಕೋಪಕ್ಕೆ ಗುರಿಯಾದ. ಅವನ ಹೆಸರು ‘ಬೂಟ್’ ಎಂಬಂತೆಯೂ ಕೇಳಿಸುತ್ತದಲ್ಲ, ಜನ ಬೀದಿಯಲ್ಲಿ ಬೂಟುಗಳನ್ನು ಸುಟ್ಟರು. ವರ್ಷ ತುಂಬುವ ಮೊದಲೇ ರಾಜೀನಾಮೆ. ರೆನಾಲ್ಡ್ಸ್ ಈ ಚಿತ್ರ ಬರೆಯುವಾಗ ಅಧಿಕಾರ ಹೋಗಿ ಹತ್ತು ವರ್ಷವಾಗಿತ್ತು. ಉಡುಪು ಮಾತ್ರ ಉಳಿದಿತ್ತು.

ಈ ಅರ್ಲ್ ಒಳ್ಳೆಯ ಸಸ್ಯಶಾಸ್ತ್ರಜ್ಞನೂ ಆಗಿದ್ದ. ರಾಜಕುಮಾರಿ ಆಗಸ್ಟಾ 1759ರಲ್ಲಿ ಕ್ಯೂ ಎಂಬಲ್ಲಿ ಸಸ್ಯೋದ್ಯಾನ ಆರಂಭಿಸಿದಾಗ ಆಕೆಗೆ ಸಲಹೆಗಾರನಾಗಿ ನಿಂತವನು ಅವನೇ. ಮುಂದೆ ಸುಮಾರು 1785ರಲ್ಲಿ ಬ್ರಿಟನ್ನಿನ ಸಸ್ಯಗಳ ಬಗ್ಗೆ ಒಂಬತ್ತು ಸಂಪುಟಗಳನ್ನು ಸ್ವಂತ ಖರ್ಚಿನಲ್ಲಿ ಹೊರತಂದ. ಅಚ್ಚು ಹಾಕಿಸಿದ್ದು ಹನ್ನೆರಡೇ ಪ್ರತಿ. ಅರ್ಲ್ ಸಾಹೇಬನಲ್ಲವೇ, ಓದುಗರ ಚಿಂತೆ ಅವನಿಗೇಕೆ!

ಅವನ ಹೆಸರು ನಮ್ಮ ಬಯಲುಸೀಮೆಯ ಹೊಲದ ಬದುಗಳವರೆಗೂ ಬಂದಿದೆ. ಫಾಲ್ಗುಣದಲ್ಲಿ ಎಲೆ ಉದುರಿಸಿಕೊಂಡು ಮೈತುಂಬ ಕೆಂಡದಂತೆ ಹೂ ಬಿಡುವ ಮುತ್ತುಗದ ಶಾಸ್ತ್ರೀಯ ನಾಮ ಬ್ಯೂಟಿಯಾ ಮಾನೋಸ್ಪರ್ಮ. ಕಂಪನಿ ಕಾಲದ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ಬ್ಯೂಟ್‌ನ ಗೌರವಾರ್ಥ ಇಟ್ಟ ಹೆಸರದು. ಹೂವಿನಲ್ಲಿರುವ ಬ್ಯೂಟ್ರಿನ್ ಎಂಬ ಸಂಯುಕ್ತಕ್ಕೂ ಆ ಹೆಸರೇ ಅಂಟಿಕೊಂಡಿದೆ. ಮುತ್ತುಗದೆಲೆಯಲ್ಲಿ ಊಟ ಮಾಡಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಮುತ್ತುಗಕ್ಕೂ ಚಿತ್ರಕಲೆಗೂ ಇನ್ನೊಂದು ನಂಟಿದೆ. ಈ ಮರದ ಕೊಂಬೆಗಳ ಮೇಲೆ ಅರಗಿನ ಹುಳು ಬೆಳೆಯುತ್ತದೆ. ಅರಗಿಗೆ ಸಂಸ್ಕೃತದಲ್ಲಿ ಲಾಕ್ಷಾ. ಆ ಶಬ್ದವೇ ಲ್ಯಾಟಿನ್ನಿನ ಮೂಲಕ ಹಾದು ಇಂಗ್ಲಿಷಿನಲ್ಲಿ ‘ಲೇಕ್’ ಆಯಿತು. ಹುಳು ಅಥವಾ ಗಿಡದಿಂದ ತೆಗೆದ ಬಣ್ಣವನ್ನು ಪಟಿಕದಂಥ ಲವಣದೊಂದಿಗೆ ಬೆರೆಸಿ, ತಳಕ್ಕೆ ಇಳಿಯುವಂತೆ ಮಾಡಿ ಪಡೆಯುವ ಪುಡಿಗೆ ಚಿತ್ರಗಾರರು ಆ ಹೆಸರಿಟ್ಟರು.

ರೆನಾಲ್ಡ್ಸ್ ಮುಖದ ಕೆಂಪಿಗೆ ಬಳಸುತ್ತಿದ್ದ ಕಾರ್ಮೈನ್ ಕೂಡ ಒಂದು ಲೇಕ್. ಅದು ಅಮೆರಿಕದ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕಾಚಿನೀಲ್ ಹುಳುವಿನದು. ನೋಡಲು ಬಲು ಸೊಗಸು, ಆದರೆ ಬಾಳಿಕೆ ಕಡಿಮೆ. ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಇಂಥ ಸಾವಯವ ಅಣುವಿನ ಬಂಧಗಳನ್ನು ಮುರಿಯುತ್ತದೆ. ಅಣು ಒಡೆದರೆ ಬಣ್ಣವೂ ಹೋಯಿತು. ಹೀಗಾಗಿ ಆತ ಬರೆದ ಎಷ್ಟೋ ಮುಖಗಳು ಅವನು ಬದುಕಿದ್ದಾಗಲೇ ಬಿಳಿಚಿಕೊಂಡವು. ಬಾಳಿಕೆ ಬರುವ ಇಂಗಲೀಕವನ್ನು ಬಳಸಿ ಎಂದು ಸಲಹೆ ಕೊಟ್ಟವರಿಗೆ, ಚರ್ಮದಲ್ಲಿ ತನಗೆ ಇಂಗಲೀಕ ಕಾಣುವುದಿಲ್ಲ ಎಂದನಂತೆ. ಆ ಹಟಕ್ಕೆ ಬೆಲೆ ತೆತ್ತವರು ಹಣ ಕೊಟ್ಟು ಚಿತ್ರ ಬರೆಸಿಕೊಂಡ ಗಿರಾಕಿಗಳು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮುತ್ತುಗದ ಹೂಗಳನ್ನು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಆ ಬಣ್ಣವನ್ನು ಬಿಳಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿಡಬೇಕು. ಎರಡು ವಾರ ಬಿಟ್ಟು ರಟ್ಟು ತೆಗೆದು ಎರಡೂ ಭಾಗಗಳನ್ನು ಹೋಲಿಸಿ ನೋಡಬೇಕು.