ಪ್ರಣಾಳಿಕೆಯಲ್ಲಿ ಇಲ್ಲದ ಒಂದು ಸಾಲು

ಚುನಾವಣೆ ಬಂದಾಗಲೆಲ್ಲ ಪಕ್ಷಗಳ ಪ್ರಣಾಳಿಕೆಯಲ್ಲಿ ಪೊಲೀಸ್ ಇಲಾಖೆಗೆ ನಾಲ್ಕು ಸಾಲು ಮೀಸಲು: ಹೊಸ ಠಾಣೆ, ಹೊಸ ವಾಹನ, ಇನ್ನಷ್ಟು ಕ್ಯಾಮೆರಾ. ಕೊಡುತ್ತೇವೆ ಎನ್ನುವುದರ ಪಟ್ಟಿ ಉದ್ದವಿರುತ್ತದೆ. ತಾವು ಸಡಿಲಿಸಬೇಕಾದ ಹಿಡಿತದ ಬಗ್ಗೆ ಸೊಲ್ಲೇ ಇರುವುದಿಲ್ಲ.

ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಏಳು ನಿರ್ದೇಶನಗಳನ್ನು ನೀಡಿತ್ತು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ, ತನಿಖೆಗೂ ಕಾನೂನು–ಸುವ್ಯವಸ್ಥೆಗೂ ಬೇರೆ ಬೇರೆ ಸಿಬ್ಬಂದಿ, ಪೊಲೀಸರ ಮೇಲಿನ ದೂರು ಆಲಿಸಲು ಪ್ರಾಧಿಕಾರ ಅವುಗಳಲ್ಲಿ ಸೇರಿವೆ. ಶಾಸಕರ ಶಿಫಾರಸು ಪತ್ರ ಹಿಡಿದು ಬಂದ ಇನ್‌ಸ್ಪೆಕ್ಟರ್ ಯಾರ ಮಾತು ಕೇಳುತ್ತಾರೆ? ಹಗಲೆಲ್ಲ ಬಂದೋಬಸ್ತು ಮುಗಿಸಿ ರಾತ್ರಿ ಕೇಸ್ ಡೈರಿ ಬರೆಯುವವರಿಂದ ಎಂಥ ತನಿಖೆ ನಿರೀಕ್ಷಿಸಬಹುದು? ತನಿಖೆ ಸೊರಗಿದರೆ ಕೇಸು ಕೋರ್ಟಿನಲ್ಲಿ ಬಿದ್ದುಹೋಗುತ್ತದೆ.

ಇತ್ತ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಕೇಸು ಮುಗಿಯುವುದನ್ನೇ ಕಾಯುತ್ತಿರುವ ವಿಚಾರಣಾಧೀನ ಕೈದಿಗಳು. ಜಾಮೀನು ಸಿಕ್ಕರೂ ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಉಳಿದ ಬಡವರೂ ಅವರಲ್ಲಿದ್ದಾರೆ.

ಮತ ಕೇಳಲು ಬರುವವರು ಹೊಸದೇನನ್ನೂ ಹೇಳುವುದು ಬೇಡ. ‘ಪೊಲೀಸರ ವರ್ಗಾವಣೆಯಲ್ಲಿ ಕೈಹಾಕುವುದಿಲ್ಲ’ ಎಂದು ಬರೆದುಕೊಡಲಿ, ಸಾಕು.

– ನಿವೃತ್ತ ಕೋರ್ಟ್ ಶಿರಸ್ತೇದಾರ, ತಿಪಟೂರು